ಇಮಾಮರ ಪಾಲಿನ ಆರು ಗೆರೆ

ರಜಬ್ 2, ಮಧ್ಯಾಹ್ನದ ನಮಾಜಿನ ನಂತರ

ಬರೆಯಬೇಕಂತೆ. ಅರವತ್ತೆಂಟು ವರ್ಷ ಒಂದು ಸಾಲು ಬರೆಯದೆ ಬದುಕಿದವನು ಇನ್ನು ಮೇಲೆ ದಿನಾ ಬರೆಯಬೇಕಂತೆ. ಖಾಜಿ ಅದೀಯ ಅಪ್ಪಣೆ. ಖುಲೈಫನ ತೋಟದ ಸರದಿಯ ಜಗಳದಲ್ಲಿ ನನ್ನ ಬಾಯಿಮಾತು ಸಾಲಲಿಲ್ಲ. ಯಾವ ದಿನ ಯಾರಿಗೆ ಎಷ್ಟು ನೀರು ಬಿಟ್ಟೆ ಎಂದು ಕೇಳಿದರೆ ಒಂದು ದಿನದ್ದು ಮರೆತಿದ್ದೆ. ಒಂದೇ ದಿನದ್ದು. ಅದಕ್ಕೆ ಈ ಶಿಕ್ಷೆ.

"ವಯಸ್ಸಾಯ್ತು ಕಣೋ ಶಾಮಿಸ್. ತಲೆ ಸೋರುತ್ತೆ. ಕಾಗದ ಸೋರಲ್ಲ," ಎಂದ.

"ನಿನ್ನ ತಲೆ ಸೋರಲ್ವಾ?"

"ಸೋರುತ್ತೆ. ಅದಕ್ಕೇ ನಲವತ್ತು ವರ್ಷದಿಂದ ಬರೀತಾ ಇದ್ದೀನಿ."

ಇಬ್ಬರೂ ಒಂದೇ ಮರದ ಕೆಳಗೆ ಓದಲು ಕೂತವರು. ಅವನು ಓದಿ ಖಾಜಿಯಾದ. ನಾನು ಅರ್ಧ ಕುರಾನಿಗೆ ಎದ್ದು ಅಪ್ಪನ ಹಿಂದೆ ಕಾಲುವೆಗೆ ಇಳಿದೆ. ಬೇಸರವಿಲ್ಲ. ಅವನ ಅಂಗೈ ಈಗಲೂ ಮಗುವಿನದರ ಹಾಗೆ ಮೆತ್ತಗಿದೆ, ಮುಟ್ಟಿದರೆ ನಗು ಬರುತ್ತದೆ.

ಇವತ್ತಿನ ನೀರು, ಕೋಲಿನ ನೆರಳು ನೆಲದ ಗೆರೆ ದಾಟುವ ಲೆಕ್ಕದಲ್ಲಿ. ನೆರಳುಕೋಲಿನ ಒಂದರಿಂದ ನಾಲ್ಕನೇ ಗೆರೆಯವರೆಗೆ ಮಸೀದಿಯ ತೋಟಕ್ಕೆ. ನಾಲ್ಕರಿಂದ ಒಂಬತ್ತಕ್ಕೆ ಖುಲೈಫನಿಗೆ. ಆಮೇಲೆ ಆರು ಗೆರೆ ನಾಡನ್ನಾಳುವ ಇಮಾಮರ ಪಾಲು. ಮುಗಿಯಿತು. ಬೆರಳು ನೋಯುತ್ತಿದೆ.

ರಜಬ್ 4

ಮೊದಲ ಗೆರೆಯಿಂದ ಖುಲೈಫ. ತೂಬಿನ ಕಲ್ಲು ಎತ್ತುವ ಮೊದಲೇ ಬಂದು ನಿಂತಿದ್ದ.

"ನೆರಳು ನೋಡು ನೀರುಗಂಟಿ. ಗೆರೆ ದಾಟ್ತು."

"ದಾಟಿಲ್ಲ. ನಿನ್ನ ಮೂಗಿನ ನೆರಳು ಅದು. ಪಕ್ಕಕ್ಕೆ ಸರಿ."

ಒಣಮೀನು ತರುವ ಒಂಟೆಯವನು ಕರಾವಳಿಯಿಂದ ಒಂದು ಸುದ್ದಿ ತಂದ. ಇಮಾಮರು ಪರ್ಷಿಯಾದ ಷಾಗೆ ಕಾಗದ ಬರೆದು ಸೈನ್ಯ ಕೇಳಿದ್ದಾರಂತೆ. ತಮ್ಮ ದಾಯಾದಿಯನ್ನು ಬಡಿಯುವುದಕ್ಕೆ. ಹಡಗು ಬಂದು ಇಳಿದೂ ಆಯಿತಂತೆ.

ಒಂಟೆಯ ಕೋಲು ಕಿತ್ತುಕೊಂಡು ಅವನಿಗೇ ಎರಡು ಬಿಟ್ಟೆ.

ಸುಳ್ಳಿಗೂ ಒಂದು ಮಿತಿ ಬೇಡವಾ? ಅಜ್ಜನ ಕಾಲದಲ್ಲಿ ಒಂದೊಂದು ಕೋಟೆಗೆ ಒಬ್ಬೊಬ್ಬ ರಾಜ ಇದ್ದ. ಶೇಖರೆಂಬ ಊರೂರಿನ ಖಾಜಿಗಳು, ಹಿರಿಯರೆಲ್ಲ ಸೇರಿ ಈ ಯಾರಿಬಾ ಮನೆತನದ ಒಬ್ಬನ ಕೈ ಹಿಡಿದು, ನೀನೇ ಇಮಾಮ ಎಂದರು. ಅವರು ಊರುಗಳನ್ನು ಒಂದು ಮಾಡಿದರು. ಪರಂಗಿಗಳನ್ನು ಮಸ್ಕತ್ತಿನಿಂದ ಸಮುದ್ರಕ್ಕೆ ನೂಕಿದರು. ಅಜ್ಜ ಆ ಗೋಡೆ ಹತ್ತಿದವನು, ಎರಡು ಬೆರಳು ಅಲ್ಲೇ ಬಿಟ್ಟು ಬಂದ. ಅಪ್ಪನ ಕಾಲಕ್ಕೆ ಇಮಾಮರ ಹಡಗುಗಳು ಆಫ್ರಿಕಾಕ್ಕೆ ಹೋಗಿ ಬರುತ್ತಿದ್ದವು. ಆ ದುಡ್ಡಿನಲ್ಲಿ ಹೂತುಹೋಗಿದ್ದ ಕಾಲುವೆಗಳನ್ನು ತೆಗೆಸಿದರು. ನಮ್ಮ ಈ ಫಲಜ್ ಕಾಲುವೆಯನ್ನೂ. ಬೆಟ್ಟದ ಬುಡದಿಂದ ಊರಿನವರೆಗೆ ನೆಲದೊಳಗೆ ಮಣ್ಣು ಹೊತ್ತವರಲ್ಲಿ ನಾನೂ ಒಬ್ಬ. ಅದಕ್ಕೇ ಆರು ಗೆರೆ ಅವರ ಪಾಲು.

ಕೊನೆಯ ದೊಡ್ಡ ಇಮಾಮರು ಸತ್ತಾಗ ಶುರುವಾಯಿತು ಹುಳುಕು. ಮಗನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಅವನೇ ಆಗಬೇಕೆಂದು ಜನ. ಮಗನಾದ ಮಾತ್ರಕ್ಕೆ ಇಮಾಮನಾಗುತ್ತಾನಾ ಎಂದು ಶೇಖರು. ಇಪ್ಪತ್ತು ವರ್ಷ ಹೊಡೆದಾಡಿದರು. ಆ ಮಗನೇ ಈಗಿನ ಇಮಾಮ. ಕುಡಿಯುತ್ತಾನೆ, ಸೋಮಾರಿ — ಇದನ್ನೆಲ್ಲ ಕೇಳಿದ್ದೇನೆ. ಆದರೆ ಹೊರಗಿನವರನ್ನು ಕರೆಯುವುದಾ? ಆ ರಕ್ತ?

ಸುಳ್ಳು.

ರಜಬ್ 5

ಅದೀ ಮಧ್ಯಾಹ್ನದ ನಮಾಜಿಗೆ ಬರಲಿಲ್ಲ. ಅವನ ಮನೆಗೆ ಒಬ್ಬ ಸವಾರ ಬಂದು ಹೋದನಂತೆ. ಬಾಗಿಲು ಹಾಕಿಕೊಂಡಿದ್ದ. ಹೊಟ್ಟೆನೋವು ಎಂದ ಅವನ ಸೊಸೆಗೆ ಸುಳ್ಳು ಹೇಳಲು ಬರುವುದಿಲ್ಲ.

ನೀರು ಮಾಮೂಲು.

ರಜಬ್ 7

ಗಂಡನ ಊರು ಹಮೀಮಾದಿಂದ ಮಗಳು ರಯ್ಯಾ ಒಂದು ಬುಟ್ಟಿ ನಿಂಬೆ ಕಳಿಸಿದ್ದಾಳೆ. ಚಿಕ್ಕ ಮಗನಿಗೆ ಹಲ್ಲು ಬಂತಂತೆ, ಅಜ್ಜನಿಗಿಂತ ಒಂದು ಹೆಚ್ಚೇ ಇದೆ ಎಂದು ಹೇಳಿಕಳಿಸಿದ್ದಾಳೆ. ಕತ್ತೆ. ಒಬ್ಬಳೇ ಮಗಳು, ನಾಲಿಗೆ ಮಾತ್ರ ನಾಲ್ಕು ಮಕ್ಕಳಿಗಾಗುವಷ್ಟು. ಓದು ಬರಹ ಕಲಿಸಿದ್ದು ಅವಳಮ್ಮನ ಹಟ.

ಜುವೈನಾ ನಿಂಬೆಗೆ ಉಪ್ಪು ಹಾಕುತ್ತಾ ಕೂತಿದ್ದಳು. "ರಯ್ಯಾನ ಅಪ್ಪಾ, ಹೋಗಿ ಮಗೂನ ನೋಡ್ಕೊಂಡು ಬರೋಣ್ವಾ?"

"ಒಂದೂವರೆ ದಿನದ ದಾರಿ. ನಡುವೆ ಒಂದು ಹನಿ ನೀರಿಲ್ಲ. ನಿನ್ನ ಮೊಣಕಾಲು ಕೇಳುತ್ತಾ?"

"ನೀರುಗಂಟಿ ಹೆಂಡತಿ ನಾನು. ಚೀಲ ತುಂಬಿಸ್ಕೊಡಿ ಸಾಕು."

ಬಿತ್ತನೆ ಮುಗಿದ ಮೇಲೆ ಎಂದೆ.

ರಜಬ್ 9, ಸಂಜೆ

ಒಂಟೆಯವನ ಹತ್ತಿರ ಕ್ಷಮೆ ಕೇಳಬೇಕು.

ಬಂದರು. ನಾನೂರಕ್ಕೆ ಕಡಿಮೆಯಿಲ್ಲ. ಉದ್ದ ಟೋಪಿ, ಕೋವಿ. ಮಾತು ನಮ್ಮದಲ್ಲ. ಷಾನ ಸೈನಿಕರು, ನಮ್ಮ ತೋಟದ ನೆರಳಿನಲ್ಲಿ. ಕಾಲು ನಡುಗಿತು. ಹೆದರಿಕೆಯಿಂದಲ್ಲ. ಅದಕ್ಕೆ ಬೇರೆ ಏನೋ ಹೆಸರಿರಬೇಕು.

ಮುಂದೆ ಇಮಾಮರ ದೂತ. ಕಾಗದ ಕೊಟ್ಟ. ಕೂಡಿಸಿ ಕೂಡಿಸಿ ಓದಿದೆ. "ಗುವೈಫದ ನೀರುಗಂಟಿಗೆ. ನನ್ನ ಪಾಲಿನ ಆರು ಗೆರೆ ನೀರನ್ನು ಇವರಿಗೆ ಬಿಡತಕ್ಕದ್ದು." ಮೊಹರು ಸರಿಯಿತ್ತು. ಆ ಮೊಹರನ್ನು ನಲವತ್ತು ವರ್ಷದಿಂದ ಬಲ್ಲೆ.

ಖುಲೈಫ ಓಡಿ ಬಂದ. ಕಿವಿಯಲ್ಲಿ ಹೇಳಿದ: "ಮೇಲೆ ಕಟ್ಟೆ ಒಡೀತೀನಿ. ನೀರೆಲ್ಲ ಹಳ್ಳಕ್ಕೆ ಹೋಗ್ಲಿ. ನೀರಿಲ್ದೆ ಇವ್ರು ಮುಂದಕ್ಕೆ ಹೆಜ್ಜೆ ಇಡಲ್ಲ."

"ಅದು ನಿನ್ನ ನೀರಾ?"

"ಅಲ್ಲ."

"ನನ್ನದಾ?"

"ಅಲ್ಲ."

"ಯಾರದೋ ಅವರು ಕೊಡು ಅಂದಿದ್ದಾರೆ. ಮಧ್ಯೆ ಬರೋಕೆ ನಾನ್ಯಾರು, ನೀನ್ಯಾರು?"

"ಶಾಮಿಸ್... ಇವ್ರು ಕುಡಿದು ಸುಮ್ನೆ ಮಲಗೋಕೆ ಬಂದಿಲ್ಲ ಕಣಪ್ಪಾ."

"ಗೆರೆ ಗೆರೆ ಅಂತ ನನ್ನ ಪ್ರಾಣ ತಿಂದವನು ನೀನು. ಈಗ ಗೆರೆ ಬೇಡವಾ?"

ಕಲ್ಲು ಎತ್ತಿದೆ. ಒಂಬತ್ತರಿಂದ ಹದಿನೈದನೇ ಗೆರೆಯವರೆಗೆ. ಚೀಲಗಳನ್ನು ತುಂಬಿಸಿಕೊಂಡರು, ಒಂಟೆಗಳಿಗೆ ಕುಡಿಸಿದರು. ಹದಿನೈದಕ್ಕೆ ಕಲ್ಲು ಹಾಕಿದೆ. ಒಬ್ಬ ಕೋವಿ ನನ್ನ ಎದೆಗಿಟ್ಟು ಇನ್ನೂ ಬೇಕು ಎಂದು ಸನ್ನೆ ಮಾಡಿದ. ನಾನು ಕಲ್ಲಿನ ಮೇಲೆ ಕೂತೆ. "ಹಾರಿಸು. ಹದಿನಾರನೇ ಗೆರೆ ಮಸೀದಿಯದು." ದೂತ ನಕ್ಕು ಅವನನ್ನು ಎಳೆದುಕೊಂಡು ಹೋದ.

ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಬರೆದಿಟ್ಟಿದ್ದೇನೆ.

ರಜಬ್ 10

ಬೆಳಗಿನ ನಮಾಜಿನ ಹೊತ್ತಿಗೆ ಹೊರಟು ಹೋಗಿದ್ದರು. ಎಲ್ಲಿಗೆ ಎಂದು ನಿನ್ನೆ ಕೇಳಲಿಲ್ಲ. ನೀರುಗಂಟಿಗೆ ಯಾಕೆ ಅದೆಲ್ಲ.

ಒಂಟೆಗಳ ಹೆಜ್ಜೆ ಉತ್ತರಕ್ಕಿಲ್ಲ. ದಾಯಾದಿಯ ಕೋಟೆ ಇರುವುದು ಉತ್ತರದಲ್ಲಿ, ಅಲ್ಲಿಗೇ ಎಂದುಕೊಂಡಿದ್ದೆ. ಹೆಜ್ಜೆ ಪೂರ್ವಕ್ಕಿವೆ.

ಪೂರ್ವಕ್ಕೆ ಹಮೀಮಾ ಬಿಟ್ಟರೆ ಊರಿಲ್ಲ.

ರಜಬ್ 10, ಮಧ್ಯಾಹ್ನ

ಖುಲೈಫನ ವೇಗದ ಒಂಟೆ ಕೇಳಿದೆ. ಕೊಟ್ಟ. ಅವನ ಅಣ್ಣನ ಮಗನೇ ಹೋದ, ಸುದ್ದಿ ಮುಟ್ಟಿಸಲು. ಅವರಿಗಿಂತ ಅರ್ಧ ದಿನ ಹಿಂದೆ ಇದ್ದಾನೆ.

ರಜಬ್ 13

ಹಮೀಮಾ ಇಲ್ಲ.

ರಜಬ್ 19

ಆರು ದಿನ ನೀರು ಬಿಟ್ಟಿದ್ದೇನೆ, ಬರೆದಿಲ್ಲ. ಅದೀ ಬೇಕಾದರೆ ಬೈಯಲಿ.

ಖುಲೈಫನ ಅಣ್ಣನ ಮಗ ದೂರದಿಂದಲೇ ಹೊಗೆ ನೋಡಿ ವಾಪಸು ಬಂದ. ದಾರಿಯಲ್ಲಿ ಸಿಕ್ಕ ಕುರಿ ಕಾಯುವವನೊಬ್ಬ ಅವನಿಗೆ ಹೇಳಿದ್ದು: ಇಮಾಮರ ದಾಯಾದಿಗೆ ಹಮೀಮಾದವರು ಧಾನ್ಯ ಕೊಟ್ಟಿದ್ದರಂತೆ. ಅಷ್ಟಕ್ಕೆ. ಗಂಡಸರನ್ನು ಬಾವಿಯ ಪಕ್ಕದಲ್ಲಿ ನಿಲ್ಲಿಸಿ ಕಡಿದರಂತೆ. ರಯ್ಯಾ, ಅಳಿಯ ಹಮ್ದಾನ್, ಇಬ್ಬರು ಮಕ್ಕಳು... ಯಾರ ಸುದ್ದಿಯೂ ಇಲ್ಲ. ಹೋಗಿ ನೋಡೋಣವೆಂದರೆ ಆ ಸೈನ್ಯ ಇನ್ನೂ ಆ ಬಯಲಿನಲ್ಲೇ ಇದೆ. ಜುವೈನಾ ಅಳುವುದಿಲ್ಲ. ನಿಂಬೆಯ ಜಾಡಿಯನ್ನು ಒರೆಸಿದ್ದೇ ಒರೆಸುತ್ತಾಳೆ.

ಇವತ್ತು ಮಸೀದಿಯಲ್ಲಿ ಖುಲೈಫ ಎದ್ದು ನಿಂತ. "ಶತ್ರುವಿಗೆ ನೀರು ಕೊಟ್ಟವನ ಜೊತೆ ನಮಗೆ ಸಂಬಂಧ ಇಲ್ಲ. ನಾನು ಅವನಿಂದ ದೂರ," ಎಂದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಬಹಿಷ್ಕಾರ.

ನಾನೂ ಎಷ್ಟೋ ಸಲ ಹಾಗೆ ಎದ್ದವನು. ನಮ್ಮಲ್ಲಿ ಇಮಾಮನಿರಲಿ, ಬೀದಿಯವನಿರಲಿ, ತಪ್ಪು ಮಾಡಿದವನು ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡು ತೋಬಾ ಹೇಳುವ ತನಕ ಅವನ ಸಲಾಮಿಗೆ ಉತ್ತರವಿಲ್ಲ, ಅವನ ತಟ್ಟೆಗೆ ಕೈ ಇಲ್ಲ. ಅದು ಸರಿಯಾದ ಪದ್ಧತಿ. ಅದರೊಳಗೆ ಸಿಕ್ಕಿಕೊಂಡರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಹನ್ನೊಂದು ಜನಕ್ಕೆ ಸಲಾಂ ಹೇಳಿದೆ. ಗೋಡೆಗೆ ಹೇಳಿದ ಹಾಗೆ.

ರಜಬ್ 21

ಶೇಖರು ಇಮಾಮನನ್ನು ಇಳಿಸಿ ಅದೇ ಮನೆತನದ ಇನ್ನೊಬ್ಬನನ್ನು ಆರಿಸಿದ್ದಾರೆಂದು ಊರಿಗೆಲ್ಲ ಗೊತ್ತಾಗಿದೆ. ಈ ಕಾಗದದ ಕಟ್ಟು ಎತ್ತಿಕೊಂಡು ಅದೀಯ ಮನೆಗೆ ನುಗ್ಗಿದೆ. ಖಾಜಿಯಾದ್ದರಿಂದ ಅವನು ನನ್ನ ಮಾತು ಕೇಳಲೇಬೇಕು.

"ಇಮಾಮನನ್ನು ನೀವು ಶೇಖರು ಇಳಿಸಿದ್ದು ಯಾವತ್ತು?"

"ಹನ್ನೊಂದಕ್ಕೆ. ಕಾಗದ ನನ್ನ ಕೈಗೆ ಬಂದದ್ದು ಹದಿಮೂರಕ್ಕೆ."

"ನಾನು ನೀರು ಬಿಟ್ಟದ್ದು?"

ಓದಿದ. ಕಣ್ಣು ಕಿರಿದು ಮಾಡಿದ. "ಇದೇನು, ಕೋಳಿ ಕಾಲಲ್ಲಿ ಬರೆಸಿದ್ಯಾ?"

"ತಾರೀಖು ಓದು."

"ಒಂಬತ್ತು." ಕಾಗದವನ್ನು ಮಡಿಲಿಗೆ ಇಳಿಸಿದ. "ಒಂಬತ್ತಕ್ಕೆ ಅವನಿನ್ನೂ ಇಮಾಮ. ಅವನ ಮಾತು ಕೇಳೋದು ನಿನ್ನ ಮೇಲೆ ಕರ್ತವ್ಯ. ನಿನ್ನದು ತಪ್ಪಲ್ಲ."

"ಹಾಗಂತ ಎಲ್ಲರ ಮುಂದೆ ಹೇಳು."

ಮಧ್ಯಾಹ್ನ ಹೇಳಿದ. ಎಲ್ಲರೆದುರು ಕಾಗದ ಎತ್ತಿ ತೋರಿಸಿ ಓದಿದ. ಬಹಿಷ್ಕಾರ ಮುಗಿಯಿತು. ಒಬ್ಬೊಬ್ಬರಾಗಿ ಬಂದು ಕೈ ಹಿಡಿದರು. ಖುಲೈಫ ಕೊನೆಗೆ ಬಂದ, ಮುಖ ನೋಡದೆ ಸಲಾಂ ಹೇಳಿದ.

"ಗಟ್ಟಿಯಾಗಿ ಹೇಳು. ಕಿವಿ ಮಂದ ನನಗೆ," ಎಂದೆ.

ಗೆದ್ದೆ. ಮನೆಗೆ ಬಂದು ಜುವೈನಾಗೆ ಹೇಳಿದೆ. "ಹೌದಾ," ಎಂದು ಜಾಡಿ ಒರೆಸಿದಳು.

ರಜಬ್ 24

ಬಂದಳು.

ಬದುಕಿದ್ದಾಳೆ. ಕತ್ತೆಯ ಮೇಲೆ ದೊಡ್ಡ ಮಗಳನ್ನು ಕೂರಿಸಿಕೊಂಡು, ತಾನು ನಡೆದುಕೊಂಡು. ಜೊತೆಗೆ ಹಮೀಮಾದ ಇಪ್ಪತ್ತಮೂರು ಹೆಂಗಸರು, ಮಕ್ಕಳು. ಹಮ್ದಾನ್ ಇಲ್ಲ. ಹಲ್ಲು ಬಂದ ಮಗು ಇಲ್ಲ.

"ಸಲಾಂ ಮಗಳೇ," ಎಂದೆ. ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. "ಅಮ್ಮಾ," ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ದಾಟಿ ಹೋದಳು.

ಒಳಗೆ ಅಮ್ಮನಿಗೆ ಹೇಳುತ್ತಿದ್ದಳು. ಹೊರಗೆ ನಿಂತೇ ಕೇಳಿಸಿಕೊಂಡೆ.

"ಎರಡು ದಿನ ಮುಂಚೇನೇ ಊರಲ್ಲಿ ಸುದ್ದಿ ಬಂದಿತ್ತಮ್ಮಾ, ಷಾನ ಸೈನ್ಯ ಬರುತ್ತೆ ಅಂತ. ಇದ್ದಿದ್ದೇ ನಲವತ್ತು ಕೋವಿ. ಪಶ್ಚಿಮದ ಬಾಗಿಲಿಗೆ ಅರ್ಧ ಜನ ಹಾಕೋಣ ಅಂದ ಹಮ್ದಾನ್. ಬೇಡ ಅಂದೆ. ಆ ಕಡೆಯಿಂದ ಯಾರೂ ಬರೋಕಾಗಲ್ಲ, ಗುವೈಫದಲ್ಲಿ ನೀರು ತುಂಬಿಸ್ಕೊಳ್ದೆ ಆ ಬಯಲು ದಾಟೋಕಾಗಲ್ಲ, ಅಲ್ಲಿ ನಮ್ಮಪ್ಪ ಇದ್ದಾನೆ, ತಲೆ ಹೋದ್ರೂ ಕೊಡಲ್ಲ ಅಂದೆ. ಎಲ್ರೂ ನಕ್ಕರಮ್ಮಾ. ಹೌದು ಹೌದು, ಅಳಿಯನಿಗೇ ಒಂದು ಗೆರೆ ಹೆಚ್ಚು ಕೊಡದ ಮುದುಕ ಅಂದ್ರು. ನಲವತ್ತೂ ಜನಾನ ಉತ್ತರದ ಬಾಗಿಲಿಗೆ ಹಾಕಿದ್ರು."

ಮತ್ತೆ:

"ಪಶ್ಚಿಮದ ಬಾಗಿಲಲ್ಲಿ ಒಬ್ಬನೂ ಇರಲಿಲ್ಲ."

ರಜಬ್ 25

ನೀರು ಬಿಟ್ಟೆ. ಯಾರಿಗೆ ಎಷ್ಟು, ನೆನಪಿಲ್ಲ.

ರಜಬ್ 27

ಅದೀಯ ಹತ್ತಿರ ಹೋದೆ. ಕಾಫಿ ಹಾಕಿ ಕೊಟ್ಟ. ಕುಡಿಯಲಿಲ್ಲ.

"ನಾಳೆ ಮಧ್ಯಾಹ್ನ ಎದ್ದು ತೋಬಾ ಹೇಳ್ತೀನಿ. ಎಲ್ಲರನ್ನೂ ಸೇರಿಸು."

"ಯಾವುದಕ್ಕೆ ತೋಬಾ? ನೀನು ತಪ್ಪೇ ಮಾಡಿಲ್ಲ ಅಂತ ನಾನು ತೀರ್ಪು ಕೊಟ್ಟಾಗಿದೆ."

"ತೀರ್ಪು ನಿನ್ನದು. ತಪ್ಪು ನನ್ನದು."

"ಹಾಗೆಲ್ಲ ಆಗಲ್ಲ ಕಣೋ. ಮಾಡದ ತಪ್ಪಿಗೆ ತೋಬಾ ತಗೊಳ್ಳೋಕೆ ಬರಲ್ಲ."

"ಹಮೀಮಾ ಸುಟ್ಟುಹೋಯ್ತು!"

"ಒಂಬತ್ತನೇ ತಾರೀಖು ಅವನು ಇಮಾಮ —"

"ನೀನೂ ನಿನ್ನ ತಾರೀಖೂ!" ಕಾಫಿ ಬಟ್ಟಲು ಎಸೆದೆ. ಗೋಡೆಗೆ ಬಡಿಯಿತು. ಅವನ ಸೊಸೆ ಇಣುಕಿ ಓಡಿಹೋದಳು. "ಆ ದಿನ ಬಂದವರನ್ನು ನಾನು ಕಣ್ಣಾರೆ ನೋಡಿದೆ. ಯಾರು ಅಂತ ಗೊತ್ತಿತ್ತು. ಕಾಲು ನಡುಗಿತ್ತು ನನಗೆ. ನಡುಗಿದರೂ ಗೆರೆ ಎಣಿಸಿದೆ. ಇದಕ್ಕೆ ನಿನ್ನ ಪುಸ್ತಕದಲ್ಲಿ ಏನಂತಾರೆ?"

ಅದೀ ಮುಖ ಮುಚ್ಚಿಕೊಂಡ. ಆಮೇಲೆ ಹೇಳಿದ. 

ಐದನೇ ತಾರೀಖಿನ ಸವಾರ ತಂದ ಕಾಗದದಲ್ಲಿ ಎಲ್ಲಾ ಇತ್ತು. ಇಮಾಮ ಷಾನನ್ನು ಕರೆಸಿದ್ದಾನೆ, ಸೈನ್ಯ ಇಳಿದಿದೆ, ಅವನನ್ನು ಇಳಿಸಲು ಹನ್ನೊಂದು ಶೇಖರ ಸಹಿ ಬೇಕು, ಕೂಡಲೇ ಹಾಕು ಎಂದು. ಇವನು ಹಾಕಲಿಲ್ಲ. ಮೊದಲು ಇಮಾಮನಿಗೆ ತೋಬಾ ಹೇಳಲು ಅವಕಾಶ ಕೊಡಬೇಕು, ಸಾಕ್ಷಿ ಕೇಳಬೇಕು, ಪದ್ಧತಿ ಇದೆ ಎಂದು ನಾಲ್ಕು ದಿನ ಇಟ್ಟುಕೊಂಡ. ಸಹಿ ಹಾಕಿ ಕಳಿಸಿದ್ದು ಒಂಬತ್ತರ ಬೆಳಿಗ್ಗೆ. ಕೊನೆಯ ಸಹಿ ಅವನದೇ.

"ನಾಲ್ಕು ದಿನ," ಎಂದೆ. "ನನಗೆ ಒಂದು ಮಾತು ಹೇಳಬಹುದಿತ್ತು. ಕಾಲುವೆ ನಿನ್ನ ಮನೆ ಮುಂದೇನೇ ಹರಿಯುತ್ತೆ."

"ತೀರ್ಪಾಗದೆ ಇಮಾಮನ ಮೇಲೆ ಮಾತಾಡೋದು ಪಾಪ. ಹಾಗಂದುಕೊಂಡೆ."

"ಈಗ?"

"ಈಗ ನೀನು ಎದ್ದು ನಿಂತರೆ ಒಂಬತ್ತನೇ ತಾರೀಖಿನದು ತಪ್ಪು ಅಂತಾಗುತ್ತೆ. ಅದು ತಪ್ಪಾದರೆ ನಾನು ತಡ ಮಾಡಿದ್ದೂ ತಪ್ಪು. ಸಹಿ ಹಾಕಿದ ಶೇಖ ತಪ್ಪಿತಸ್ಥನಾದರೆ ನಾವು ಆರಿಸಿದ ಹೊಸ ಇಮಾಮ ಇಮಾಮನೇ ಅಲ್ಲ ಅಂತ ಹಳಬನ ಕಡೆಯವರು ಕುಣೀತಾರೆ. ಮತ್ತೆ ಯುದ್ಧ. ಗೊತ್ತಾಯ್ತಾ? ಒಬ್ಬ ಇಮಾಮ ಹೀಗೇ ಹಾಳಾದ. ಇನ್ನೊಬ್ಬ ಶುರು ಮಾಡೋ ಮೊದಲೇ ಹಾಳಾಗಬಾರದು."

"ಅದಕ್ಕೆ ನಾನು ನಿರಪರಾಧಿ."

"ಅದಕ್ಕೆ ನೀನು ನಿರಪರಾಧಿ."

ಐವತ್ತೆಂಟು ವರ್ಷದ ಗೆಳೆಯ. ಎದ್ದು ಬಂದೆ. ಸಲಾಂ ಹೇಳಲಿಲ್ಲ.

ಶಾಬಾನ್ 3

ಎರಡು ಕಾಗದ ಬಂದಿವೆ. ಒಂದು ಹಳಬನದು: ನನ್ನ ಆರು ಗೆರೆ ನನ್ನ ತೋಟಕ್ಕೇ ಹೋಗತಕ್ಕದ್ದು. ಇನ್ನೊಂದು ಹೊಸಬನದು: ಇಮಾಮರ ಆರು ಗೆರೆ ಇನ್ನು ನನ್ನ ಜನಕ್ಕೆ. ಇಬ್ಬರೂ ಒಂದೇ ಮನೆತನ. ಮೊಹರೂ ಒಂದೇ ಥರ, ಬರೀ ಹೆಸರು ಬೇರೆ. ಎರಡರಲ್ಲೂ ಹಮೀಮಾದ ಬಗ್ಗೆ ಒಂದು ಮಾತಿಲ್ಲ.

ಹುಣಸೆ ಮರದ ಕೆಳಗೆ ಆ ಇಪ್ಪತ್ತಮೂರು ಜನ ಕೂತಿದ್ದಾರೆ. ಒಂಬತ್ತನೇ ಗೆರೆಗೆ ಕಲ್ಲು ಎತ್ತಿ ನೀರನ್ನು ಆ ಕಡೆ ತಿರುಗಿಸಿದೆ. ಮಕ್ಕಳು ಕಾಲುವೆಗೆ ಇಳಿದು ಗದ್ದಲ ಮಾಡಿದವು.

ಖುಲೈಫ ಬಂದು ನೋಡುತ್ತಾ ನಿಂತ. "ಯಾವ ಇಮಾಮರ ಅಪ್ಪಣೆ ಇದು?"

"ಯಾರದೂ ಅಲ್ಲ. ತಲೆ ಹೋದರೆ ನನ್ನದು."

"ಅವತ್ತು ಈ ಮಾತು ಆಡಬಾರದಿತ್ತಾ?"

ಬಗ್ಗಿ ತೂಬಿನ ಕಲ್ಲು ಹಿಡಿದುಕೊಂಡೆ.  ಅವನು ಪಂಚೆ ಮೇಲೆ ಕಟ್ಟಿ, ಮಣ್ಣು ಹಾಕಿ ಬದು ಸರಿಮಾಡತೊಡಗಿದ. "ಇಲ್ಲಿ ಸೋರ್ತಿದೆ, ನೀರುಗಂಟಿ. ಕಣ್ಣೂ ಹೋಯ್ತಾ?" ಎಂದ.

ಶಾಬಾನ್ 6

ರಯ್ಯಾ ಅಮ್ಮನ ಜೊತೆ ಮಾತಾಡುತ್ತಾಳೆ. ಖುಲೈಫನ ಹೆಂಡತಿಯ ಜೊತೆ ಮಾತಾಡುತ್ತಾಳೆ. ಕತ್ತೆಯ ಜೊತೆಯೂ ಮಾತಾಡುತ್ತಾಳೆ. ನಾನು ಒಳಗೆ ಬಂದರೆ ನಿಲ್ಲಿಸುತ್ತಾಳೆ. ತಟ್ಟೆ ನನ್ನ ಮುಂದೆ ಬಂದರೆ ಕೈ ಹಿಂದಕ್ಕೆ ತೆಗೆಯುತ್ತಾಳೆ.

ಊರು ಬಿಟ್ಟ ಬಹಿಷ್ಕಾರವನ್ನು ಅವಳೊಬ್ಬಳು ಹಿಡಿದುಕೊಂಡಿದ್ದಾಳೆ. ಅವಳದೇ ಸರಿ.

ಜುವೈನಾ ಹೇಳಿದಳು: "ತನ್ನ ಮೇಲೂ ಹಾಗೇ ಇದ್ದಾಳೆ ಕಣ್ರೀ. ಆ ಮಾತು ಆಡಿದ್ದು ನಾನು ಅಂತ ತಾನೂ ಸರಿಯಾಗಿ ಉಣ್ಣಲ್ಲ."

ಕೇಳಿ ಹೊರಗೆ ಹೋಗಿ ಕೂತೆ. ಅವಳು ಆಡಿದ್ದು ಅಪ್ಪನನ್ನು ನಂಬಿ. ಅದು ತಪ್ಪಲ್ಲ ಎಂದು ಅವಳಿಗೆ ಹೇಳುವುದು ಯಾರು? ನಾನು ಎಲ್ಲರೆದುರು ನನ್ನದು ಎಂದು ಒಪ್ಪಿಕೊಳ್ಳದೆ ಅವಳ ಹೆಗಲಿನಿಂದ ಅದು ಇಳಿಯುವುದಿಲ್ಲ. ಖಾಜಿಯ ತೀರ್ಪಿನಿಂದ ನಾನು ಹಗುರಾದೆ. ಆ ಭಾರ ಹೋಗಿ ಕೂತದ್ದು ಎಲ್ಲಿ ಎಂದು ಈಗ ಕಂಡಿತು.

ಶಾಬಾನ್ 9

ಅದೀಗೆ ಕಾಗದ ಬರೆದೆ. ಮೂರು ಹಾಳೆ ಹರಿದು ಹಾಕಿದ ಮೇಲೆ ಇದು:

"ಖಾಜಿ ಅದೀ ಬಿನ್ ಮುರ್ಶಿದನಿಗೆ ನೀರುಗಂಟಿ ಶಾಮಿಸ್ ಬರೆದದ್ದು. ನಾನು ಮಸೀದಿಯಲ್ಲಿ ಎದ್ದು ತೋಬಾ ಹೇಳುವವನೇ. ನೀನು ಒಪ್ಪಿಕೋ, ಬಿಡು. ನಾನು ಬಿಟ್ಟ ನೀರಿನ ಮಾತನ್ನು ನಾನು ಹೇಳುತ್ತೇನೆ. ನಿನ್ನ ನಾಲ್ಕು ದಿನದ ಮಾತನ್ನು ನಾನು ಎತ್ತುವುದಿಲ್ಲ, ಅದು ನಿನ್ನ ಬಾಯಿಂದಲೇ ಬರಬೇಕು. ಯುದ್ಧವಾಗುತ್ತದೆ ಎಂದೆ. ಆಗಲೂಬಹುದು. ನಮ್ಮ ಬಾಯಿ ಮುಚ್ಚಿಸಿ ನಿಲ್ಲಿಸಿದ ಇಮಾಮ ಎಷ್ಟು ದಿನ ನಿಂತಾನು? ನನ್ನ ಪಕ್ಕದಲ್ಲಿ ನಿಲ್ಲುತ್ತೀಯೋ ಇಲ್ಲವೋ, ತಿಳಿಸು."

ಮಣೆಯ ಮೇಲೆ ಒಣಗಲು ಇಟ್ಟಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ರಯ್ಯಾ ನಿಂತು ಓದುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಮೊದಲಿನಿಂದ ಕೊನೆಯವರೆಗೆ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ತಾರೀಖು ಹಾಕಿಲ್ಲ," ಎಂದಳು.

ಹದಿನೈದು ದಿನಕ್ಕೆ ನನ್ನ ಜೊತೆ ಆಡಿದ ಮೊದಲ ಮಾತು. ಮುಖ ನೋಡಲಿಲ್ಲ. ಲೇಖನಿ ಮಾತ್ರ ನನ್ನ ಕಡೆ ಸರಿಸಿ ಹೋದಳು.

ಹಾಕಿದೆ. ಕಾಗದದ ಕೊನೆಗೆ ಇನ್ನೆರಡು ಸಾಲನ್ನೂ: "ಹದಿನೈದಕ್ಕೆ ನಾನು ಎದ್ದು ನಿಲ್ಲುತ್ತೇನೆ. ಹೂಂ ಅನ್ನು, ಇಲ್ಲ ಊಹೂಂ ಅನ್ನು. ಶಾಬಾನ್ ಹದಿನಾಲ್ಕರ ಸಂಜೆಯೊಳಗೆ ಉತ್ತರ ಬೇಕು."